ಕೆಮ್ಮನ್ನು ಎಣಿಸಿದವರು

ಹಳೆಯ ಮೈಸೂರು ಸಂಸ್ಥಾನದ ಗ್ರಾಮಗಳಲ್ಲಿ ಹುಟ್ಟುಸಾವುಗಳನ್ನು ಬರೆದಿಡುವ ಹೊಣೆ ಪಟೇಲನದಾಗಿದ್ದಿತು. ಪಟೇಲನಿಗೆ ಬರವಣಿಗೆ ಒಗ್ಗದ ಊರುಗಳಲ್ಲಿ ಆ ಕೆಲಸವನ್ನು ಶಾನುಭೋಗನೇ ತನ್ನ ಖಿರ್ದಿ ಪಹಣಿಗಳ ನಡುವೆ ಬಿಡುವು ಮಾಡಿಕೊಂಡು ಪೂರೈಸುತ್ತಿದ್ದನು. ಯಾವ ಮನೆಯಲ್ಲಿ ತೊಟ್ಟಿಲು ಕಟ್ಟಿದರು, ಯಾವ ಮನೆಯ ಮುಂದೆ ಚಟ್ಟ ಕಟ್ಟಿದರು ಎಂಬ ವರ್ತಮಾನವನ್ನು ಇವರಿಗೆ ಮುಟ್ಟಿಸುತ್ತಿದ್ದವನು ತಳವಾರನೋ ತೋಟಿಯೋ ಆಗಿರುತ್ತಿದ್ದನು. ಸತ್ತವರ ಹೆಸರು, ಪ್ರಾಯಗಳ ಜೊತೆಗೆ ಸಾವಿಗೆ ಕಾರಣವೇನೆಂಬುದನ್ನೂ ಕಾಣಿಸಬೇಕಾಗಿದ್ದಿತಷ್ಟೆ. ಬ್ರಿಟಿಷ್ ಇಂಡಿಯಾದ ಮಾದರಿಯ ಆ ನಮೂನೆಗಳಲ್ಲಿ ಕಾಲರಾ, ಸಿಡುಬು, ಪ್ಲೇಗು, ಜ್ವರ, ಭೇದಿ, ಶ್ವಾಸರೋಗ, ಅಪಘಾತ, ಇತರೆ ಎಂಬ ಕೆಲವೇ ಅಂಕಣಗಳಿರುತ್ತಿದ್ದುವು. ವಾಂತಿಭೇದಿಯನ್ನೂ, ಮೈಮೇಲೆ ಎದ್ದ ಅಮ್ಮನನ್ನೂ ಗುರುತಿಸಲು ಯಾವ ಪಟೇಲನಿಗೂ ವೈದ್ಯಶಾಸ್ತ್ರದ ಪರಿಚಯ ಬೇಕಾಗಿರಲಿಲ್ಲ. ಉಳಿದುದೆಲ್ಲ ಜ್ವರವೇ. ವರ್ಷಗಟ್ಟಲೆ ಕೆಮ್ಮಿ ಸವೆದು ಸತ್ತ ಒಕ್ಕಲಿಗನೂ, ಪ್ರಸವವಾಗಿ ಹತ್ತು ದಿನ ಕಳೆಯುವುದರೊಳಗೆ ನಂಜೇರಿ ಸತ್ತ ಬಾಣಂತಿಯೂ, ಮಲೆನಾಡಿನ ಚಳಿಜ್ವರದಲ್ಲಿ ನಡುಗಿ ಸತ್ತ ಕೂಸೂ ಒಂದೇ ಅಂಕಣದೊಳಗೆ ಸೇರಿ, ಅಲ್ಲಿಂದ ತಾಲ್ಲೂಕು ಕಚೇರಿಗೂ, ಜಿಲ್ಲಾ ಕಚೇರಿಗೂ, ಕೊನೆಗೆ ಬೆಂಗಳೂರಿನಲ್ಲಿ ಅಚ್ಚಾಗುವ ವಾರ್ಷಿಕ ವರದಿಯ ಯಾವುದೋ ಒಂದು ಪುಟಕ್ಕೂ ಪ್ರಯಾಣ ಮಾಡುತ್ತಿದ್ದರು.

ಆ ಲೆಕ್ಕ ಮೇಲಕ್ಕೆ ಹೋದ ಮಾರ್ಗವನ್ನು ನಾವು ಸುಲಭವಾಗಿ ಕಾಣಬಹುದು. ಅದು ಮರಳಿ ಕೆಳಕ್ಕೆ ಇಳಿದುಬಂದ ಮಾರ್ಗವನ್ನು ಹುಡುಕಹೊರಟವರಿಗೆ ದೊರೆಯುವುದು ಬಹಳ ಅಲ್ಪ. ಪಟೇಲನು ಇಂತಿಷ್ಟು ಸಾವುಗಳನ್ನು ಬರೆದನೆಂಬ ಕಾರಣದಿಂದ ಅವನ ಊರಿಗೆ ಒಂದು ಔಷಧಾಲಯ ಬರುತ್ತಿರಲಿಲ್ಲ. ಆಸ್ಪತ್ರೆಗಳು ನಿಂತುದು ಅಮಲ್ದಾರನ ಕಚೇರಿಯಿದ್ದೆಡೆಯಲ್ಲಿ, ಸಂತೆ ಕೂಡುವೆಡೆಯಲ್ಲಿ, ರೈಲುಗಾಡಿ ನಿಲ್ಲುವೆಡೆಯಲ್ಲಿ, ಅಥವಾ ಯಾರಾದರೂ ಧರ್ಮಿಷ್ಠನಾದ ಸಾಹುಕಾರನು ಕಟ್ಟಡಕ್ಕೆ ಹಣ ಕೊಟ್ಟೆಡೆಯಲ್ಲಿ. ಇದರಲ್ಲಿ ಯಾರ ದುರುದ್ದೇಶವೂ ಇದ್ದಿತೆಂದು ನಾನು ಹೇಳಲಾರೆ. ಲೆಕ್ಕವೆಂಬುದು ಕಂದಾಯಕ್ಕೂ, ದರ್ಬಾರಿನ ಮುಂದೆ ವರ್ಷದ ಆಡಳಿತವನ್ನು ಒಪ್ಪಿಸುವುದಕ್ಕೂ ಬೇಕಾದ ಸಾಮಗ್ರಿಯೆಂದು ಆ ಕಾಲದವರು ತಿಳಿದಿದ್ದರೇ ಹೊರತು, ಅದರಿಂದ ವೈದ್ಯನೊಬ್ಬನು ತನ್ನ ನಾಳಿನ ಕೆಲಸವನ್ನು ಗೊತ್ತುಮಾಡಿಕೊಳ್ಳಬಹುದೆಂಬುದು ಅವರ ಊಹೆಗೆ ಬಂದಿರಲಿಲ್ಲ. ಎಣಿಕೆಯ ಮಹತ್ತ್ವವಂತೂ ಅವರಿಗೆ ತಿಳಿಯದಿರಲಿಲ್ಲ. 1871ರ ಜನಗಣತಿಯಲ್ಲಿ 50 ಲಕ್ಷ 55 ಸಾವಿರವಾಗಿದ್ದ ಸಂಸ್ಥಾನದ ಜನಸಂಖ್ಯೆ, ನಡುವೆ ಬಂದೆರಗಿದ ಮಹಾಕ್ಷಾಮದ ದೆಸೆಯಿಂದ 1881ರಲ್ಲಿ 41 ಲಕ್ಷ 86 ಸಾವಿರಕ್ಕೆ ಇಳಿದುಹೋಗಿದ್ದಿತು. ಅದೇ ವರ್ಷ ರಾಜ್ಯವನ್ನು ಮರಳಿ ಪಡೆದ ಅರಸುಮನೆತನಕ್ಕೂ, ದಿವಾನ್ ರಂಗಾಚಾರ್ಲುರವರಿಗೂ ಕೈಸೇರಿದ ಮೊದಲ ದೊಡ್ಡ ದಾಖಲೆ ಈ ಶೂನ್ಯದ ಲೆಕ್ಕವೇ.

ಎಣಿಕೆಯು ಊರಿನ ಬೀದಿಗಳನ್ನೇ ಬದಲಾಯಿಸಿದ ಪ್ರಸಂಗವೊಂದು 1898ರಲ್ಲಿ ಒದಗಿಬಂದಿತು. ಮುಂಬಯಿಯಲ್ಲಿ ಎರಡು ವರ್ಷಗಳ ಹಿಂದೆ ಕಾಣಿಸಿಕೊಂಡಿದ್ದ ಪ್ಲೇಗು ಆ ವರ್ಷ ಬೆಂಗಳೂರನ್ನು ಮುಟ್ಟಿತು. ವಿ. ಪಿ. ಮಾಧವರಾಯರು ಪ್ಲೇಗ್ ಕಮಿಷನರಾಗಿ ನೇಮಕವಾದರು. ಸತ್ತವರ ಜೊತೆಗೆ ಸತ್ತ ಇಲಿಗಳ ಸುದ್ದಿಗೂ ಸರ್ಕಾರಿ ಬೆಲೆ ಬಂದಿತು. ‘ಇಲಿ ಬಿದ್ದಿತು’ ಎಂಬ ಮಾತು ಕೇಳಿದೊಡನೆ ಊರಿಗೆ ಊರೇ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ನೆಲಸುವ ಪದ್ಧತಿಯನ್ನು ನಮ್ಮ ಹಿರಿಯರಲ್ಲಿ ಅನೇಕರು ಕಂಡುಂಡು ಬಲ್ಲವರಾಗಿದ್ದರು. ದಂಡುಪ್ರದೇಶವೂ ಸೇರಿ 1891ರಲ್ಲಿ 1 ಲಕ್ಷ 80 ಸಾವಿರವಾಗಿದ್ದ ಬೆಂಗಳೂರಿನ ಜನಸಂಖ್ಯೆ 1901ರಲ್ಲಿ 1 ಲಕ್ಷ 59 ಸಾವಿರಕ್ಕೆ ಕುಗ್ಗಿದ್ದಿತು. ಬಸವನಗುಡಿ, ಮಲ್ಲೇಶ್ವರಗಳ ಅಗಲವಾದ ರಸ್ತೆಗಳೂ, ಮನೆಗಳ ಹಿಂದಿನ ಸಣ್ಣ ಓಣಿಗಳೂ ಆ ದಿನಗಳ ಭಯದಿಂದ ಹುಟ್ಟಿದ ನಗರವಿನ್ಯಾಸದ ಕುರುಹುಗಳು. ಆದರೆ ಭಯದಿಂದ ನಡೆದ ಎಣಿಕೆ ಭಯದೊಡನೆಯೇ ಅಡಗುವುದು ಸಹಜ. ಹಳ್ಳಿಯ ಮರಣಪುಸ್ತಕದ ಜ್ವರದ ಅಂಕಣ ಮುನ್ನಿನಂತೆಯೇ ತುಂಬುತ್ತ ಹೋಯಿತು.

ಒಂದು ಗೊತ್ತಾದ ಪ್ರದೇಶ, ಅಲ್ಲಿನ ಗೊತ್ತಾದ ಜನಸಂಖ್ಯೆ, ಅವರ ಹುಟ್ಟುಸಾವು ರೋಗಗಳ ಪುಸ್ತಕ, ಆ ಪುಸ್ತಕವನ್ನು ಓದಿ ಅದರಂತೆ ನಡೆಯುವ ಪೂರ್ಣಕಾಲದ ಆರೋಗ್ಯಾಧಿಕಾರಿ, ಅವನ ಕೈಕೆಳಗೆ ಮನೆಮನೆಗೆ ಹೋಗುವ ಸೂಲಗಿತ್ತಿಯರು, ಇನ್ಸ್‌ಪೆಕ್ಟರುಗಳು: ಈ ಏರ್ಪಾಡನ್ನು ‘ಹೆಲ್ತ್ ಯೂನಿಟ್’ ಎಂಬ ಹೆಸರಿನಿಂದ ಏಷ್ಯಾಖಂಡಕ್ಕೆ ತಂದವರು ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದವರು. ಅದು ಮೊದಲು ಸಿಂಹಳದ ಕಳುತರದಲ್ಲಿ 1926ರಲ್ಲಿ ಆರಂಭವಾಯಿತು. ಆ ಪ್ರತಿಷ್ಠಾನದ ವೈದ್ಯರೇ ಮಿರ್ಜಾ ಇಸ್ಮಾಯಿಲ್‌ರವರ ದಿವಾನಗಿರಿಯ ಮೊದಲ ವರ್ಷಗಳಲ್ಲಿ ಮೈಸೂರು ಸರ್ಕಾರಕ್ಕೆ ಸಲಹೆಗಾರರಾಗಿ ಬಂದರು. 1929ರಲ್ಲಿ ಮಂಡ್ಯದಲ್ಲಿ ಒಂದು ಘಟಕ ಸ್ಥಾಪಿತವಾಯಿತು. ಮಂಡ್ಯ ಆಗಿನ್ನೂ ಜಿಲ್ಲೆಯಾಗಿರಲಿಲ್ಲ. ಕೃಷ್ಣರಾಜಸಾಗರದ ನೀರು ಇರ್ವಿನ್ ನಾಲೆಯ ಮೂಲಕ ಆ ಒಣನೆಲಕ್ಕೆ ಹರಿಯುವ ಕಾಲ ಸಮೀಪಿಸಿದ್ದಿತು. ನೀರಿನ ಹಿಂದೆಯೇ ಸೊಳ್ಳೆಯೂ, ಸೊಳ್ಳೆಯ ಹಿಂದೆಯೇ ಚಳಿಜ್ವರವೂ ಬಂದುವು. ನಾಲೆಗೂ ಜ್ವರಕ್ಕೂ ಇರುವ ನಂಟನ್ನು ಉತ್ತರದಲ್ಲಿ ಯಮುನಾ ಕಾಲುವೆಯ ಪ್ರದೇಶದಲ್ಲಿ ಡೆಂಪ್‌ಸ್ಟರ್ ಎಂಬ ವೈದ್ಯರು 1840ರ ದಶಕದಲ್ಲಿಯೇ ಒಂದು ಸರಳೋಪಾಯದಿಂದ ಅಳೆದಿದ್ದರು. ಊರಿನ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಎಡಪಕ್ಕೆಲುಬಿನ ಕೆಳಗೆ ಬೆರಳಿಟ್ಟು ಒತ್ತಿ, ಎಷ್ಟು ಮಕ್ಕಳ ಗುಲ್ಮ ಉಬ್ಬಿದೆಯೆಂದು ಎಣಿಸುವುದು. ಔಷಧವಿಲ್ಲ, ಯಂತ್ರವಿಲ್ಲ, ಸತ್ತವರ ಹೆಸರಿನ ಗೊಡವೆಯೂ ಇಲ್ಲ. ಬದುಕಿರುವ ಕೂಸಿನ ಹೊಟ್ಟೆಯೇ ದಾಖಲೆ. ಮಂಡ್ಯದ ಸುತ್ತಣ ಹಳ್ಳಿಗಳಲ್ಲಿಯೂ ಮಲೇರಿಯಾ ಸಂಶೋಧಕರು ಇದೇ ಬಗೆಯಾಗಿ ಊರೂರಿನ ಪ್ರಮಾಣವನ್ನು ಕಂಡುಹಿಡಿದು, ಎಲ್ಲಿ ಮೊದಲು ಕೈಯಿಡಬೇಕೆಂಬುದನ್ನು ನಿರ್ಧರಿಸಿದರು.

ಸತ್ತವರ ಪಟ್ಟಿ ಎಷ್ಟರಮಟ್ಟಿಗೆ ನಂಬತಕ್ಕದ್ದೆಂಬ ಪ್ರಶ್ನೆಗೂ ಇಂತಹದೇ ಒಂದು ಆರೋಗ್ಯ ಘಟಕದಿಂದ ಉತ್ತರ ಬಂದಿತು. ಕಲ್ಕತ್ತೆಯ ಬಳಿಯ ಸಿಂಗೂರಿನಲ್ಲಿ ಸಿ. ಚಂದ್ರಶೇಖರನ್ ಎಂಬ ಸಂಖ್ಯಾಶಾಸ್ತ್ರಜ್ಞರು ನೋಂದಣಿಯ ಪಟ್ಟಿಯನ್ನು ಒಂದು ಕಡೆಯಲ್ಲಿಟ್ಟು, ಮನೆಮನೆಯಲ್ಲಿ ಕೇಳಿ ಬರೆದ ಬೇರೊಂದು ಪಟ್ಟಿಯನ್ನು ಅದರ ಪಕ್ಕದಲ್ಲಿಟ್ಟು, ಎರಡರಲ್ಲಿಯೂ ಇರುವ ಹೆಸರುಗಳೆಷ್ಟು, ಒಂದರಲ್ಲಿ ಮಾತ್ರ ಇರುವುವೆಷ್ಟು ಎಂಬುದನ್ನು ನೋಡಿ, ಎರಡರ ಕಣ್ಣಿಗೂ ತಪ್ಪಿದವರ ಸಂಖ್ಯೆಯನ್ನು ಅಂದಾಜುಮಾಡುವ ವಿಧಾನವನ್ನು ಡೆಮಿಂಗ್ ಎಂಬ ಅಮೆರಿಕನ್ ವಿದ್ವಾಂಸರೊಡನೆ 1949ರಲ್ಲಿ ಪ್ರಕಟಿಸಿದರು. ಪಟೇಲನ ಪುಸ್ತಕವನ್ನು ಹಳಿಯುವವರು ಅನೇಕರಿದ್ದರು. ಅದು ಎಷ್ಟು ಕೊರೆಯಾಗಿದೆಯೆಂದು ಅಳೆಯುವ ಮಾನದಂಡವನ್ನು ಕೊಟ್ಟವರು ಇವರು. ಮುಂದೆ ಇಡೀ ದೇಶದ ಜನನಮರಣ ಪ್ರಮಾಣವನ್ನು ಗೊತ್ತುಮಾಡುವ ಮಾದರಿ ನೋಂದಣಿ ಪದ್ಧತಿಯ ಬೇರುಗಳು ಇಲ್ಲಿವೆ.

ಇಷ್ಟನ್ನೂ ಪೀಠಿಕೆಯೆಂದೇ ಓದುಗರು ಭಾವಿಸಬೇಕು. ನಾನು ಹೇಳಹೊರಟುದು ತುಮಕೂರು ಜಿಲ್ಲೆಯಲ್ಲಿ 1960-61ರಲ್ಲಿ ನಡೆದ ಒಂದು ಎಣಿಕೆಯ ವೃತ್ತಾಂತ.

ಕ್ಷಯರೋಗದ ವಿಷಯದಲ್ಲಿ ಆವರೆಗೆ ವಿದ್ಯಾವಂತರಲ್ಲಿಯೂ, ವೈದ್ಯರಲ್ಲಿಯೂ ಬೇರೂರಿದ್ದ ಕೆಲವು ನಂಬಿಕೆಗಳಿದ್ದುವು. ಅದು ನಗರದ ರೋಗ, ಗಿರಣಿಯ ಧೂಳು, ಇಕ್ಕಟ್ಟಾದ ಓಣಿ, ಕತ್ತಲೆಕೋಣೆಗಳ ರೋಗ, ಎಳೆಪ್ರಾಯದವರ ರೋಗ, ಅದಕ್ಕೆ ಮದ್ದೆಂದರೆ ಒಳ್ಳೆಯ ಗಾಳಿ, ಹಾಲು, ಮೊಟ್ಟೆ, ವಿಶ್ರಾಂತಿ, ಮತ್ತು ಊರಾಚೆಯ ಬೆಟ್ಟದ ತಪ್ಪಲಿನ ಆರೋಗ್ಯಧಾಮ. ಮೈಸೂರಿನಲ್ಲಿ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನ ಕ್ಷಯಚಿಕಿತ್ಸಾಲಯವೂ, ಕೋಲಾರದ ಗಡಿಯಾಚೆ ಮದನಪಲ್ಲಿಯಲ್ಲಿ ಕ್ರೈಸ್ತ ಮಿಷನ್ನುಗಳವರು ಕಟ್ಟಿದ ಆರೋಗ್ಯವರವೂ ಈ ನಂಬಿಕೆಯ ಸತ್ಫಲಗಳೆನ್ನಬೇಕು. ಅಲ್ಲಿ ಬದುಕಿ ಹಿಂದಿರುಗಿದವರ ಕೃತಜ್ಞತೆಯನ್ನು ಅಲ್ಲಗಳೆಯುವುದು ಸಲ್ಲದು. ಆದರೆ ದೇಶದ ಆರೋಗ್ಯಸ್ಥಿತಿಯನ್ನು ಪರಿಶೀಲಿಸಿದ ಭೋರ್ ಸಮಿತಿ 1946ರಲ್ಲಿ ಒಪ್ಪಿಸಿದ ವರದಿಯ ಪ್ರಕಾರ ದೇಶದಲ್ಲಿ ಸುಮಾರು 25 ಲಕ್ಷ ಕ್ಷಯರೋಗಿಗಳೂ, ವರ್ಷಕ್ಕೆ 5 ಲಕ್ಷ ಸಾವುಗಳೂ ಇದ್ದು, ಅವರಿಗಾಗಿ ಇದ್ದ ಹಾಸಿಗೆಗಳು ಸುಮಾರು 6 ಸಾವಿರ ಮಾತ್ರ. ಹಾಸಿಗೆಗಳನ್ನು ಹತ್ತು ಪಾಲು ಹೆಚ್ಚಿಸಿದರೂ ನೂರರಲ್ಲಿ ಮೂವರಿಗೂ ಸ್ಥಳ ಸಾಲದು. ಈ ಗಣಿತ ಯಾರಿಗೂ ತಿಳಿಯದುದಾಗಿರಲಿಲ್ಲ. ಬೇರೆ ದಾರಿ ತೋರದುದರಿಂದ ಅದನ್ನು ನೋಡಿಯೂ ನೋಡದಂತಿದ್ದರು.

ದಾರಿಯನ್ನು ತೆರೆದುವು ಎರಡು ಸಂಗತಿಗಳು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯವರು 1955ರಿಂದ 1958ರವರೆಗೆ ನಡೆಸಿದ ಮಾದರಿ ಸಮೀಕ್ಷೆಯಿಂದ ಕ್ಷಯವು ಹಳ್ಳಿಯಲ್ಲಿಯೂ ಪಟ್ಟಣದಲ್ಲಿಯೂ ಹೆಚ್ಚುಕಡಿಮೆ ಸಮಪ್ರಮಾಣದಲ್ಲಿದೆಯೆಂದು ತಿಳಿದುಬಂದಿತು. ಹಳ್ಳಿಗರೇ ಬಹುಸಂಖ್ಯಾತರಾದ ದೇಶದಲ್ಲಿ ಇದರ ಅರ್ಥವೇನೆಂದರೆ ರೋಗಿಗಳಲ್ಲಿ ಬಹುಪಾಲು ಜನ ಆರೋಗ್ಯಧಾಮದ ಹೆಸರನ್ನೇ ಕೇಳದ ಹಳ್ಳಿಗಾಡಿನವರು. ಅದೇ ಕಾಲದಲ್ಲಿ ಮದರಾಸಿನಲ್ಲಿ ವ್ಯಾಲೆಸ್ ಫಾಕ್ಸ್ ಎಂಬ ವೈದ್ಯರೂ ಅವರ ಸಹೋದ್ಯೋಗಿಗಳೂ, ಬಡವರ ಇಕ್ಕಟ್ಟಾದ ಮನೆಗಳಲ್ಲಿಯೇ ಉಳಿದು ಒಂದು ವರ್ಷಕಾಲ ಗುಳಿಗೆ ಸೇವಿಸಿದ ರೋಗಿಗಳು, ಆರೋಗ್ಯಧಾಮದ ಹಾಸಿಗೆಯಲ್ಲಿ ಅದೇ ಔಷಧವನ್ನು ಪಡೆದವರಷ್ಟೇ ಗುಣಹೊಂದಿದರೆಂಬುದನ್ನು ತೋರಿಸಿಕೊಟ್ಟರು. ಹಾಲು ಮೊಟ್ಟೆಗಳ ಪ್ರತಾಪವೆಂದು ತಿಳಿದಿದ್ದುದು ಐಸೋನಿಯಾಜಿಡ್ ಗುಳಿಗೆಯ ಪ್ರತಾಪವಾಗಿದ್ದಿತು.

ಹೀಗಿರುತ್ತ, ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿರುವ ಅವಲಾನ್ ಎಂಬ ಬಂಗಲೆಯಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1959ರಲ್ಲಿ ಕೆಲಸಕ್ಕೆ ತೊಡಗಿತು. ಮರುವರ್ಷ ಸೆಪ್ಟೆಂಬರಿನಲ್ಲಿ ಪ್ರಧಾನಿ ನೆಹರೂರವರು ಅದನ್ನು ವಿಧ್ಯುಕ್ತವಾಗಿ ಉದ್ಘಾಟಿಸಿದರು. ಮುಂದೆ ವಿಶ್ವ ಆರೋಗ್ಯ ಸಂಸ್ಥೆಯ ಮಹಾನಿರ್ದೇಶಕರಾದ ಡೆನ್ಮಾರ್ಕಿನ ಹಾಲ್ಫ್‌ಡನ್ ಮಾಹ್ಲರ್ ಆಗ ಅಲ್ಲಿದ್ದರು. ರೋಗವ್ಯಾಪ್ತಿಯನ್ನು ಅಳೆಯುವ ಕೆಲಸಕ್ಕೆ ಡಾಕ್ಟರ್ ರಾಜ್ ನಾರಾಯಣ್ ಅವರೂ, ಜನರ ನಡವಳಿಕೆಯನ್ನು ತಿಳಿಯುವ ಕೆಲಸಕ್ಕೆ ಸ್ಟಿಗ್ ಆಂಡರ್ಸನ್ ಮತ್ತು ದೇಬಬರ್ ಬ್ಯಾನರ್ಜಿ ಎಂಬವರೂ ಇದ್ದರು. ಬ್ಯಾನರ್ಜಿಯವರು ವೈದ್ಯರಾಗಿದ್ದುದರ ಜೊತೆಗೆ ಮಾನವಶಾಸ್ತ್ರವನ್ನೂ ಅಭ್ಯಾಸಮಾಡಿದವರು. ಕ್ಷಯದಂತಹ ರೋಗಕ್ಕೆ ಮೀಸಲಾದ ಸಂಸ್ಥೆಯಲ್ಲಿ ಅಂತಹವರೊಬ್ಬರಿಗೆ ಪೀಠ ಹಾಕಿಕೊಟ್ಟುದೇ ಆ ಕಾಲಕ್ಕೆ ಅಪರೂಪದ ವಿವೇಕ. ಇವರು ತಮ್ಮ ಪ್ರಯೋಗಕ್ಕೆ ಆರಿಸಿಕೊಂಡ ಕ್ಷೇತ್ರ ಪಕ್ಕದ ತುಮಕೂರು ಜಿಲ್ಲೆ. 13 ಲಕ್ಷಕ್ಕೆ ಮಿಗಿಲಾದ ಜನ. ರಾಗಿ, ತೆಂಗು, ಅಡಿಕೆಗಳ ನೆಲ. ಪಾವಗಡ, ಸಿರಾಗಳ ಕಡೆಗೆ ಹೋದಷ್ಟೂ ಮಳೆ ಕಡಿಮೆ.

ಸಮೀಕ್ಷೆಯವರ ದಂಡು ಒಂದು ಹಳ್ಳಿಯನ್ನು ಪ್ರವೇಶಿಸಿದಾಗ ನಡೆಯುತ್ತಿದ್ದ ಕ್ರಮವನ್ನು ಸ್ವಲ್ಪ ವಿಸ್ತಾರವಾಗಿ ಹೇಳುವುದು ಉಚಿತ. ಮೊದಲು ಮನೆಗಳ ಗಣತಿ: ಪ್ರತಿಯೊಂದು ಮನೆಗೂ ಒಂದು ಸಂಖ್ಯೆ, ಆ ಮನೆಯೊಳಗಿನ ಪ್ರತಿಯೊಬ್ಬನ ಹೆಸರು, ಪ್ರಾಯ, ಸಂಬಂಧ. ಪ್ರಾಯವನ್ನು ಕೇಳಿದರೆ ‘ದೊಡ್ಡ ಬರದ ವರ್ಷದಲ್ಲಿ ಹುಟ್ಟಿದವನು’ ಎಂಬ ಬಗೆಯ ಉತ್ತರ ಬರುತ್ತಿದ್ದ ಊರುಗಳಲ್ಲಿ ಈ ಒಂದು ಅಂಕಣವನ್ನು ತುಂಬುವುದಕ್ಕೆ ಎಷ್ಟು ತಾಳ್ಮೆ ಬೇಕೆಂಬುದನ್ನು ಜನಗಣತಿಯ ಕೆಲಸಮಾಡಿದ ಯಾವ ಶಾಲಾಮಾಸ್ತರನಾದರೂ ಹೇಳಬಲ್ಲನು. ಅನಂತರ ಮುಂಗೈಯ ಚರ್ಮದೊಳಕ್ಕೆ ಟ್ಯೂಬರ್ಕುಲಿನ್ ಎಂಬ ದ್ರವದ ಹನಿಯೊಂದನ್ನು ಸಣ್ಣ ಸೂಜಿಯಿಂದ ಸೇರಿಸಿ, ಮೂರು ದಿನ ಬಿಟ್ಟು ಮತ್ತೆ ಬಂದು, ಅಲ್ಲಿ ಎದ್ದ ಗಟ್ಟಿಯನ್ನು ಪಾರಕವಾದ ಅಳತೆಪಟ್ಟಿಯಿಂದ ಮಿಲಿಮೀಟರುಗಳಲ್ಲಿ ಅಳೆಯುವುದು. ದೊಡ್ಡವರಿಗೆ ಎದೆಯ ಎಕ್ಸ್‌ರೇ. ಚಿತ್ರದಲ್ಲಿ ಏನಾದರೂ ಮಬ್ಬು ಕಂಡಲ್ಲಿ ಆ ಮನುಷ್ಯನ ಕಫವನ್ನು ಬಾಯಗಲವಾದ ಸೀಸೆಯಲ್ಲಿ ಹಿಡಿದು ಬೆಂಗಳೂರಿಗೆ ತರುವುದು. ಮೂರು ದಿನ ಬಿಟ್ಟು ಬರುವಷ್ಟರಲ್ಲಿ ಒಬ್ಬನು ಸಂತೆಗೆ ಹೋಗಿರುವನು, ಒಬ್ಬಳು ತವರಿಗೆ ಹೋಗಿರುವಳು, ಮಕ್ಕಳು ಸೂಜಿಯ ನೆನಪಿನಿಂದ ಮಾವಿನತೋಪಿನೊಳಗೆ ಅಡಗಿರುವುವು. ಹಾಗೆ ತಪ್ಪಿಸಿಕೊಂಡವರನ್ನು ಹುಡುಕಿ ತರದಿದ್ದ ಪಕ್ಷದಲ್ಲಿ ಲೆಕ್ಕವೇ ಸುಳ್ಳಾಗುವುದಾದ್ದರಿಂದ, ಸಮೀಕ್ಷೆಯೆಂಬುದು ಬಹುಮಟ್ಟಿಗೆ ಕಾಯುವ, ಹುಡುಕುವ, ಓಲೈಸುವ ಉದ್ಯೋಗವಾಗಿ ಪರಿಣಮಿಸುತ್ತದೆ.

ಸಾವಿರ ಜನರಲ್ಲಿ ನಾಲ್ವರ ಸುಮಾರಿಗೆ ಕಫದಲ್ಲಿ ಕ್ಷಯದ ಕ್ರಿಮಿಯುಳ್ಳವರೆಂದು ಆ ಸಮೀಕ್ಷೆಯಿಂದ ಕಂಡುಬಂದಿತು. ಗಂಡಸರಲ್ಲಿ ಹೆಚ್ಚು; ಪ್ರಾಯ ಏರಿದಂತೆಲ್ಲ ಇನ್ನೂ ಹೆಚ್ಚು. ಎಳೆಯರ ರೋಗವೆಂಬ ಕಾವ್ಯಮಯವಾದ ಕಲ್ಪನೆ ಇಲ್ಲಿಗೆ ಮುಗಿಯಿತು. ಇಡೀ ಜಿಲ್ಲೆಗೆ ಇದನ್ನು ಅನ್ವಯಿಸಿದರೆ, ಯಾವುದೊಂದು ಗಳಿಗೆಯಲ್ಲಿಯೂ ಐದು ಸಾವಿರದಷ್ಟು ಜನ ಕೆಮ್ಮುತ್ತ, ಸುತ್ತಲಿನವರಿಗೆ ರೋಗವನ್ನು ಹಂಚುತ್ತ, ಸಾವಿರಾರು ಹಳ್ಳಿಗಳಲ್ಲಿ ಚದರಿಹೋಗಿರುವರು. ಒಂದೊಂದು ಸಣ್ಣ ಹಳ್ಳಿಗೆ ಒಬ್ಬನೋ ಇಬ್ಬರೋ. ಎಕ್ಸ್‌ರೇ ಗಾಡಿಯನ್ನು ಊರೂರಿಗೆ ಓಡಿಸಿ ಇವರನ್ನು ಹಿಡಿಯಬೇಕೆಂದರೆ ಒಬ್ಬ ರೋಗಿಗಾಗಿ ಇನ್ನೂರೈವತ್ತು ಮಂದಿಯ ಚಿತ್ರ ತೆಗೆಯಬೇಕಾದೀತು. ಸಂಶೋಧನೆಗೆ ಅದು ಸಾಧ್ಯ. ಸರ್ಕಾರದ ದೈನಂದಿನ ಸೇವೆಗೆ ಅಸಾಧ್ಯ.

ಇಲ್ಲಿಗೇ ನಿಂತಿದ್ದರೆ ತುಮಕೂರಿನ ಎಣಿಕೆಯೂ ಪಟೇಲನ ಪುಸ್ತಕದ ದಾರಿಯನ್ನೇ ಹಿಡಿಯುತ್ತಿದ್ದಿತೆಂದು ನನಗೆ ತೋರುತ್ತದೆ: ಮೇಲಕ್ಕೆ ಹೋಗಿ, ಅಚ್ಚಾಗಿ, ಕಪಾಟಿನಲ್ಲಿ ಕುಳಿತುಬಿಡುತ್ತಿದ್ದಿತು. ಅದನ್ನು ಉಳಿಸಿದುದು ಬ್ಯಾನರ್ಜಿ ಮತ್ತು ಆಂಡರ್ಸನ್ ಕೇಳಿದ ಎರಡನೆಯ ಪ್ರಶ್ನೆ. ಎಕ್ಸ್‌ರೇಯಿಂದಲೂ ಕಫಪರೀಕ್ಷೆಯಿಂದಲೂ ರೋಗಿಗಳೆಂದು ಗುರುತಾದವರ ಮನೆಗಳಿಗೆ, ಹೋಲಿಕೆಗಾಗಿ ರೋಗವಿಲ್ಲದವರ ಮನೆಗಳಿಗೂ, ಇವರ ಕಡೆಯವರು ಹೋಗಿ ಜಗಲಿಯ ಮೇಲೆ ಕುಳಿತು ವಿಚಾರಿಸಿದರು: ಮೈಯಲ್ಲಿ ಹೇಗಿದೆ, ಕೆಮ್ಮುಂಟೇ, ಎಷ್ಟು ದಿವಸದಿಂದ, ಅದರಿಂದ ಚಿಂತೆಯಾಗಿದೆಯೇ, ಏನು ಮಾಡಿದಿರಿ, ಎಲ್ಲಿಗೆ ಹೋದಿರಿ? ಹಳ್ಳಿಯವನು ಅಜ್ಞಾನಿ, ರೋಗ ಮೈಯುಂಡರೂ ಅರಿಯದವನು, ಅರಿತರೂ ಮಾರಿಗುಡಿಗೆ ಹೋಗುವನೇ ಹೊರತು ಆಸ್ಪತ್ರೆಗೆ ಬಾರದವನು, ಆದ್ದರಿಂದ ಮೊದಲು ಅವನಿಗೆ ಆರೋಗ್ಯಶಿಕ್ಷಣ ಕೊಡಬೇಕು ಎಂಬುದು ಅಂದಿನ ಮೇಲ್ವರ್ಗದ ಸಿದ್ಧಾಂತವಾಗಿದ್ದಿತು. ಇಂದಿಗೂ ಹಲವು ಸಭೆಗಳಲ್ಲಿ ಅದನ್ನು ಕೇಳಬಹುದು. ಬಂದ ಉತ್ತರ ಆ ಸಿದ್ಧಾಂತವನ್ನು ಬುಡಮೇಲು ಮಾಡಿತು. ಕ್ರಿಮಿ ಕಂಡುಬಂದ ರೋಗಿಗಳಲ್ಲಿ ಬಹುತೇಕ ಎಲ್ಲರಿಗೂ ತಮ್ಮ ಮೈಯ ಲಕ್ಷಣಗಳ ಅರಿವಿದ್ದಿತು. ಮುಕ್ಕಾಲು ಪಾಲಿನಷ್ಟು ಜನರಿಗೆ ಅದರ ಚಿಂತೆಯೂ ಹತ್ತಿದ್ದಿತು. ಅರ್ಧಕ್ಕಿಂತ ಹೆಚ್ಚು ಜನ ಆಗಲೇ ಎಲ್ಲಿಯಾದರೂ ಚಿಕಿತ್ಸೆಯನ್ನು ಅರಸಿ ಹೋಗಿಬಂದಿದ್ದರು. ಹೋದುದು ಬಹುಮಟ್ಟಿಗೆ ಸಮೀಪದ ಸರ್ಕಾರಿ ಔಷಧಾಲಯಕ್ಕೇ.

ಹೋಗಿ ಅವರು ತಂದುದೇನು? ಆ ಕಾಲದ ಔಷಧಾಲಯವನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ರೋಗಿಯೇ ಮನೆಯಿಂದ ಸೀಸೆಯನ್ನು ತೊಳೆದು ತರಬೇಕು. ಡಾಕ್ಟರು ಸಾಲಿನಲ್ಲಿ ನಿಂತವನ ಮುಖವನ್ನೊಮ್ಮೆ ನೋಡಿ ಚೀಟಿಯಲ್ಲಿ ಒಂದು ಸಂಖ್ಯೆಯನ್ನು ಗೀಚುವರು. ಕಂಪೌಂಡರು ಕಿಟಕಿಯಾಚೆಯಿಂದ ದೊಡ್ಡ ಜಾಡಿಯ ಕೆಮ್ಮಿನ ಮಿಕ್ಸ್ಚರನ್ನು ಸುರಿದು, ಹೊತ್ತುಹೊತ್ತಿನ ಪ್ರಮಾಣವನ್ನು ತೋರಿಸಲು ಅಂಚು ಕತ್ತರಿಸಿದ ಕಾಗದದ ಪಟ್ಟಿಯೊಂದನ್ನು ಸೀಸೆಗೆ ಅಂಟಿಸಿ ಕೊಡುವರು. ಎರಡು ಹರದಾರಿ ನಡೆದು ಬಂದ ಕ್ಷಯರೋಗಿ ಆ ಸೀಸೆಯನ್ನು ಹಿಡಿದು ಎರಡು ಹರದಾರಿ ನಡೆದು ಹಿಂದಿರುಗುವನು. ಅವನ ಕಫವನ್ನು ಯಾರೂ ನೋಡಲಿಲ್ಲ. ಅಜ್ಞಾನವಿದ್ದುದು ಜಗಲಿಯ ಮೇಲಲ್ಲ, ಕಿಟಕಿಯಾಚೆ.

ಈ ಎರಡು ಉತ್ತರಗಳನ್ನೂ ಜೋಡಿಸಿದಾಗ ಕಾರ್ಯಕ್ರಮದ ರೂಪ ತಾನಾಗಿಯೇ ಮೂಡಿಬಂದಿತು. ರೋಗಿಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ, ಅವರಲ್ಲಿ ಅರ್ಧ ಜನ ಬಾಗಿಲಿಗೇ ಬಂದಿದ್ದಾರೆ. ಬಾಗಿಲಿನಲ್ಲಿ ಒಂದು ಸೂಕ್ಷ್ಮದರ್ಶಕವನ್ನಿಟ್ಟು, ಕೆಮ್ಮು ಎಂದವನನ್ನು ‘ಎಷ್ಟು ದಿನದಿಂದ?’ ಎಂದು ಕೇಳುವ ಅಭ್ಯಾಸವನ್ನು ಡಾಕ್ಟರಿಗೆ ಕಲಿಸಿದರೆ ಸಾಕು. ಕಫಪರೀಕ್ಷೆಗೆ ಬೇಕಾದ ಸಾಮಗ್ರಿ ಅತ್ಯಲ್ಪ: ಗಾಜಿನ ತುಂಡು, ಕಫವನ್ನು ಅದರ ಮೇಲೆ ತೆಳ್ಳಗೆ ಬಳಿಯುವುದಕ್ಕೆ ಒಂದು ಪೊರಕೆಕಡ್ಡಿ, ಕೆಳಗಿನಿಂದ ಕಾಯಿಸುವುದಕ್ಕೆ ಸ್ಪಿರಿಟ್ ದೀಪ, ಒಂದು ಕೆಂಪು ಬಣ್ಣ, ಒಂದು ಆಮ್ಲ, ಒಂದು ನೀಲಿ ಬಣ್ಣ. ಆಮ್ಲ ಬಿದ್ದೊಡನೆ ಉಳಿದುದೆಲ್ಲ ಕೆಂಪನ್ನು ಬಿಟ್ಟುಕೊಡುತ್ತದೆ. ಕ್ಷಯದ ಕ್ರಿಮಿಯೊಂದು ಮಾತ್ರ ಹಟದಿಂದ ಹಿಡಿದುಕೊಂಡು, ನೀಲಿ ಹಿನ್ನೆಲೆಯಲ್ಲಿ ಸಣ್ಣ ಕೆಂಪು ಎಳೆಯಾಗಿ ಕಾಣಿಸಿಕೊಳ್ಳುತ್ತದೆ. ಇದನ್ನು ಪ್ರಾಥಮಿಕ ಆರೋಗ್ಯಕೇಂದ್ರದ ಸಾಮಾನ್ಯ ನೌಕರನು ಕಲಿಯಬಲ್ಲನೇ, ದಿನದ ಕೆಲಸದ ಗದ್ದಲದಲ್ಲಿ ಮಾಡಬಲ್ಲನೇ ಎಂಬುದನ್ನು ಕೋಲಾರ ಜಿಲ್ಲೆಯ ಆರೋಗ್ಯಕೇಂದ್ರಗಳಲ್ಲಿ ಪರೀಕ್ಷಿಸಿ ನೋಡಿದರು. 1967ರಲ್ಲಿ ಪ್ರಕಟವಾದ ಅದರ ಫಲಿತಾಂಶ ಮಾಡಬಲ್ಲನೆಂದೇ ಹೇಳಿತು. ಅದಕ್ಕೆ ಮುಂಚೆಯೇ ಪಾವಗಡದ ನೆರೆಯ ಅನಂತಪುರ ಜಿಲ್ಲೆಯಲ್ಲಿ ಕಾರ್ಯಕ್ರಮದ ಮೊದಲ ಪ್ರಯೋಗ ನಡೆದು, 1962ರಲ್ಲಿ ರಾಷ್ಟ್ರೀಯ ಕ್ಷಯ ನಿಯಂತ್ರಣ ಕಾರ್ಯಕ್ರಮ ಜಾರಿಗೆ ಬಂದಿದ್ದಿತು. ಪ್ರತಿಯೊಂದು ಜಿಲ್ಲೆಗೂ ಬೆಂಗಳೂರಿನಲ್ಲಿ ತರಬೇತಿ ಹೊಂದಿದ ಒಂದು ಸಣ್ಣ ತಂಡ. ಆ ತಂಡದಲ್ಲಿ ವೈದ್ಯನೊಡನೆ, ಪ್ರಯೋಗಾಲಯದವನೊಡನೆ, ಎಕ್ಸ್‌ರೇಯವನೊಡನೆ ಒಬ್ಬ ಸಂಖ್ಯಾಶಾಸ್ತ್ರದ ಸಹಾಯಕ. ಈ ಕೊನೆಯವನ ನೇಮಕವನ್ನು ಅನೇಕರು ಗಮನಿಸಿರಲಾರರು. ನನ್ನ ದೃಷ್ಟಿಯಲ್ಲಿ ಇಡೀ ಯೋಜನೆಯ ತಿರುಳು ಅವನೇ. ಜಿಲ್ಲೆಯಲ್ಲಿ ಇರಬೇಕಾದ ರೋಗಿಗಳೆಷ್ಟು, ಸಿಕ್ಕವರೆಷ್ಟು, ಗುಳಿಗೆಯನ್ನು ನಡುವೆ ಬಿಟ್ಟವರೆಷ್ಟು ಎಂಬುದನ್ನು ಜಿಲ್ಲೆಯಲ್ಲಿಯೇ ಕುಳಿತು ನೋಡಿ, ಜಿಲ್ಲೆಯ ವೈದ್ಯನಿಗೇ ಹೇಳಬೇಕಾದವನು ಅವನು. ಪಟೇಲನ ಕಾಲದಲ್ಲಿ ಆ ಸ್ಥಾನ ತೆರವಾಗಿದ್ದಿತು.

ಎಣಿಕೆಯ ಈ ಕೀರ್ತಿಯ ಪಕ್ಕದಲ್ಲಿ ಅದರ ಕಾಠಿನ್ಯವನ್ನೂ ಹೇಳದೆ ಬಿಡಲಾಗದು. ಇದೇ ಸಂಸ್ಥೆಯವರು 1961ರಿಂದ 1968ರವರೆಗೆ ಬೆಂಗಳೂರು ಜಿಲ್ಲೆಯ 119 ಹಳ್ಳಿಗಳಲ್ಲಿ ನಾಲ್ಕು ಬಾರಿ ಸಮೀಕ್ಷೆ ನಡೆಸಿ, ವಿಶೇಷವಾದ ಕ್ಷಯನಿವಾರಣಾ ಕಾರ್ಯವಾವುದೂ ಇಲ್ಲದ ಪ್ರದೇಶದಲ್ಲಿ ರೋಗದ ಗತಿ ಏನಾಗುತ್ತದೆಂಬುದನ್ನು ಕಂಡರು. ಮೊದಲ ಸುತ್ತಿನಲ್ಲಿ ಕಂಡುಬಂದ 126 ರೋಗಿಗಳಲ್ಲಿ ಐದು ವರ್ಷಗಳು ಕಳೆಯುವಷ್ಟರಲ್ಲಿ ನೂರಕ್ಕೆ 49.2ರಷ್ಟು ಜನ ಸತ್ತಿದ್ದರು, 32.5ರಷ್ಟು ಜನರ ಕಫದಲ್ಲಿ ಕ್ರಿಮಿ ಕಾಣದಾಗಿದ್ದಿತು; 18.3ರಷ್ಟು ಜನ ಇನ್ನೂ ರೋಗಿಗಳಾಗಿಯೇ ಉಳಿದಿದ್ದರು. ಜಗತ್ತಿನ ಕ್ಷಯಶಾಸ್ತ್ರಜ್ಞರೆಲ್ಲರೂ ಇಂದಿಗೂ ಉದಾಹರಿಸುವ ಅಂಕಿಗಳಿವು. ರೋಗ ತನ್ನ ಪಾಡಿಗೆ ತಾನು ನಡೆದರೆ ಏನಾಗುವುದೆಂಬುದಕ್ಕೆ ಇದಕ್ಕಿಂತ ಖಚಿತವಾದ ಸಾಕ್ಷ್ಯ ಬೇರೆ ಕಡೆ ದೊರೆಯುವುದು ದುರ್ಲಭ. ಆ ಸಾಕ್ಷ್ಯವನ್ನು ಕೊಟ್ಟವರು ಬೆಂಗಳೂರಿನಿಂದ ಅರ್ಧ ದಿನದ ಹಾದಿಯೊಳಗಿನ ರೈತರೂ ಕೂಲಿಕಾರರೂ. ಗುಳಿಗೆಯೆಂಬುದು ಲೋಕದಲ್ಲಿ ಇರುವಾಗ ಹೀಗೆ ನೋಡುತ್ತಿರುವುದು ಸರಿಯೇ ಎಂದು ಇಂದಿನ ನೀತಿಸಮಿತಿಗಳು ಕೇಳಿಯಾವು, ಕೇಳಬೇಕಾದುದೇ. ಅಂದಿನವರ ಸಮಾಧಾನವಾಗಿ ಇಷ್ಟನ್ನು ಹೇಳಬಹುದು: ದೇಶದ ಬಹುಪಾಲು ಹಳ್ಳಿಗಳ ಸ್ಥಿತಿ ಆಗ ಅದೇ ಆಗಿದ್ದಿತು, ಇವರು ಅದನ್ನು ಉಂಟುಮಾಡಿದವರಲ್ಲ. ಆ ಸಮಾಧಾನ ನನಗೆ ಪೂರ್ತಿಯಾಗಿ ಒಪ್ಪಿಗೆಯಾಗುವುದಿಲ್ಲ.

ಯೋಜನೆಯ ಮುಂದಿನ ಚರಿತ್ರೆ ಉತ್ಸಾಹಕರವಲ್ಲ. ಸೂಕ್ಷ್ಮದರ್ಶಕಗಳು ಬಂದುವು, ಅವುಗಳ ಮುಂದೆ ಕುಳಿತುಕೊಳ್ಳುವವರು ಎಲ್ಲ ಕಡೆಯೂ ಬರಲಿಲ್ಲ. ಗುಳಿಗೆಗಳ ಸರಬರಾಜು ವರ್ಷದ ನಡುವೆ ನಿಲ್ಲುತ್ತಿದ್ದಿತು; ಒಂದೂವರೆ ವರ್ಷ ತಪ್ಪದೆ ನುಂಗಬೇಕಾದ ಔಷಧವನ್ನು ಕೆಮ್ಮು ನಿಂತೊಡನೆ ರೋಗಿಗಳು ಬಿಟ್ಟುಬಿಡುತ್ತಿದ್ದರು. 1970ರ ದಶಕದಲ್ಲಿ ಆರೋಗ್ಯಕೇಂದ್ರದ ನೌಕರರಿಗೆಲ್ಲ ಕುಟುಂಬಯೋಜನೆಯ ಗುರಿಯೊಂದೇ ಗುರಿಯಾಗಿ, ಎಷ್ಟು ಶಸ್ತ್ರಚಿಕಿತ್ಸೆಗಳಾದುವೆಂಬ ಎಣಿಕೆಯ ಮುಂದೆ ಎಷ್ಟು ಕಫಪರೀಕ್ಷೆಗಳಾದುವೆಂಬ ಎಣಿಕೆ ಮಸುಕಾಯಿತು. ಊರಿನ ಅಗತ್ಯದಿಂದ ಹುಟ್ಟಿ ಮೇಲೇರಬೇಕಾದ ಅಂಕಿ, ರಾಜಧಾನಿಯಲ್ಲಿ ಹುಟ್ಟಿ ಕೆಳಕ್ಕೆ ಅಪ್ಪಣೆಯಾಗಿ ಇಳಿಯತೊಡಗಿತು. 1992ರ ಪರಾಮರ್ಶೆಯಲ್ಲಿ ಕಾರ್ಯಕ್ರಮದ ದೌರ್ಬಲ್ಯಗಳು ಬಯಲಾಗಿ, ಮರುವರ್ಷದಿಂದ ಪರಿಷ್ಕೃತವಾದ ಕಾರ್ಯಕ್ರಮದ ಪ್ರಯೋಗ ಮೊದಲಾಯಿತು. ಅದರಲ್ಲಿಯೂ ತುಮಕೂರಿನ ಪಾಠವಾದ ‘ಬಂದವನ ಕಫವನ್ನು ನೋಡು’ ಎಂಬುದು ಕದಲದೆ ಉಳಿಯಿತು.

ತುಮಕೂರಿನ ಲೆಕ್ಕದಲ್ಲಿ ಒಂದು ಭಾಗ ಮಾತ್ರ ಬಹುಕಾಲ ಯಾರ ಕೈಗೂ ಸಿಕ್ಕದೆ ಹೋಯಿತು. ಚಿಕಿತ್ಸೆಯನ್ನು ಅರಸಿಹೋದವರೆಲ್ಲ ಸರ್ಕಾರದ ಬಾಗಿಲಿಗೇ ಬಂದಿರಲಿಲ್ಲ. ನಾಟಿವೈದ್ಯರ ಬಳಿಗೂ, ಪೇಟೆಬೀದಿಯ ಖಾಸಗಿ ಡಾಕ್ಟರ ಬಳಿಗೂ ಹೋದವರಿದ್ದರು, ಕಾಲ ಕಳೆದಂತೆ ಅಂತಹವರ ಪ್ರಮಾಣ ಬೆಳೆಯುತ್ತಲೇ ಬಂದಿತು. ಆ ಬಾಗಿಲುಗಳಲ್ಲಿ ಸಂಖ್ಯಾಶಾಸ್ತ್ರದ ಸಹಾಯಕನಿರಲಿಲ್ಲ. ಕ್ಷಯರೋಗಿಯನ್ನು ಕಂಡ ಪ್ರತಿಯೊಬ್ಬ ವೈದ್ಯನೂ, ಸರ್ಕಾರಿಯಾಗಲಿ ಖಾಸಗಿಯಾಗಲಿ, ಆ ಸಂಗತಿಯನ್ನು ಸ್ಥಳೀಯ ಆರೋಗ್ಯಾಧಿಕಾರಿಗೆ ತಿಳಿಸತಕ್ಕದ್ದೆಂಬ ಕೇಂದ್ರಸರ್ಕಾರದ ಆಜ್ಞೆ ಹೊರಟುದು 2012ರ ಮೇ ತಿಂಗಳಿನಲ್ಲಿ, ತುಮಕೂರಿನ ಸಮೀಕ್ಷೆ ಮುಗಿದು ಅರ್ಧಶತಮಾನ ಕಳೆದ ಮೇಲೆ.